ಒಂದೇ ಹರಳಲ್ಲಿ ಮ್ಯಾಗ್ನೆಟ್ಟೂ ಹೌದು ಸೂಪರ್‌ಕಂಡಕ್ಟರೂ ಹೌದು ಅಂದ್ರೆ ಹೇಗೆ? (ಸೆಮಿನಾರ್ ಗುರುವಾರ, ದಯವಿಟ್ಟು ಯಾರಾದ್ರೂ ಹೇಳಿ)

ಗಂಗೋತ್ರಿ_ಬಸ್‌ಸ್ಟಾಪ್:

ಎಲ್ರಿಗೂ ನಮಸ್ಕಾರ. ನಾನು ಮೈಸೂರಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಸೆಮಿನಾರ್ ಟಾಪಿಕ್ ಚೀಟಿ ಎತ್ತಿದಾಗ ನಂಗೆ ಬಂದಿದ್ದು ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳು (ತುಂಬಾ ತಣ್ಣಗೆ ಮಾಡಿದ್ರೆ ಒಂಚೂರೂ ರೆಸಿಸ್ಟೆನ್ಸ್ ಇಲ್ದೆ ಕರೆಂಟ್ ಹರಿಸೋ, ಮ್ಯಾಗ್ನೆಟಿಕ್ ಫೀಲ್ಡನ್ನ ಆಚೆ ತಳ್ಳೋ ವಸ್ತುಗಳು). ಶುರುಲಿ ಖುಷಿನೇ ಆಗಿತ್ತು, ಯಾಕಂದ್ರೆ ಕಥೆ ಚೆನ್ನಾಗಿದೆ. ಕಬ್ಬಿಣ ಅಂದ್ರೆ ಮ್ಯಾಗ್ನೆಟ್ಟು, ಮ್ಯಾಗ್ನೆಟ್ಟು ಅಂದ್ರೆ ಸೂಪರ್‌ಕಂಡಕ್ಟಿವಿಟಿಗೆ ಶತ್ರು ಅಂತ ಎಲ್ರೂ ಅಂದ್ಕೊಂಡಿದ್ದಾಗ ಟೋಕಿಯೋದಲ್ಲಿ ಹೊಸೋನೋ ಗುಂಪಿನವರು 2006ರಲ್ಲಿ ಫಾಸ್ಫರಸ್ ಇರೋ ಒಂದು ಕಾಂಪೌಂಡಲ್ಲಿ ಸುಮಾರು 4 ಕೆಲ್ವಿನ್‌ಗೆ ಸೂಪರ್‌ಕಂಡಕ್ಟಿವಿಟಿ ನೋಡಿದ್ರು, 2008ರಲ್ಲಿ ಆರ್ಸೆನಿಕ್ ಹಾಕಿ ಫ್ಲೋರಿನ್ ಸೇರಿಸಿದಾಗ 26ಕ್ಕೆ ಹೋಯ್ತು, ಅದೇ ವರ್ಷ ಲ್ಯಾಂಥನಮ್ ಜಾಗಕ್ಕೆ ಸಮೇರಿಯಂ ಹಾಕಿ ಚೀನಾದವರು 55ಕ್ಕೆ ತಗೊಂಡು ಹೋದ್ರು. ಇಲ್ಲೀವರೆಗೂ ಓಕೆ. ಬೇರಿಯಂ ಕಾಂಪೌಂಡ್ (ಬೇರಿಯಂ, ಕಬ್ಬಿಣ, ಆರ್ಸೆನಿಕ್ ಸೇರಿದ್ದು) ಕೂಡ ಅರ್ಥ ಆಯ್ತು, ಸುಮ್ನೆ ಬಿಟ್ರೆ ಸುಮಾರು 140 ಕೆಲ್ವಿನ್‌ಗೆ ಆಂಟಿಫೆರೋಮ್ಯಾಗ್ನೆಟ್ (ಪರಮಾಣುಗಳ ಪುಟ್ಟ ಮ್ಯಾಗ್ನೆಟ್‌ಗಳು ಅರ್ಧ ಒಂದು ಕಡೆಗೆ, ಅರ್ಧ ಅದಕ್ಕೆ ವಿರುದ್ಧವಾಗಿ ಸಾಲಾಗಿ ನಿಲ್ಲೋದು) ಆಗತ್ತೆ, ಪೊಟ್ಯಾಸಿಯಂ ಹಾಕ್ತಾ ಹೋದ್ರೆ ಮ್ಯಾಗ್ನೆಟಿಸಂ ಸಾಯತ್ತೆ, 38 ಕೆಲ್ವಿನ್ ಟಿಸಿ (ಸೂಪರ್‌ಕಂಡಕ್ಟರ್ ಆಗೋ ಟೆಂಪರೇಚರ್) ಬರತ್ತೆ.

ಆದ್ರೆ ಪೊಟ್ಯಾಸಿಯಂ ಐರನ್ ಸೆಲೆನೈಡ್ ಅಂತ ಒಂದಿದೆ ನೋಡಿ, 2010ರದ್ದು, ಅದು ನನ್ನ ತಲೆ ತಿಂತಿದೆ. ಟಿಸಿ 32ರ ಹತ್ರ. ನ್ಯೂಟ್ರಾನ್ ಹಾಕಿ ನೋಡಿದವರು 559 ಕೆಲ್ವಿನ್‌ಗೇ ಆಂಟಿಫೆರೋಮ್ಯಾಗ್ನೆಟಿಸಂ ಶುರು ಆಗತ್ತೆ, ಒಂದೊಂದು ಕಬ್ಬಿಣದ ಮೇಲೂ 3.3 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಮ್ಯಾಗ್ನೆಟ್ ಬಲ, ಅಂದ್ರೆ ಮೊಮೆಂಟ್, ಅಳೆಯೋ ಯೂನಿಟ್) ಇದೆ ಅಂತಾರೆ. ಅಂದ್ರೆ ರೂಮ್ ಟೆಂಪರೇಚರಲ್ಲೇ ಗಟ್ಟಿ ಮ್ಯಾಗ್ನೆಟಿಸಂ, 32 ಕೆಲ್ವಿನ್ ಕೆಳಗೆ ಹೋದ್ರೂ ಅದು ಹಂಗೇ ಇರತ್ತೆ! ಅಷ್ಟು ದೊಡ್ಡ ಮೊಮೆಂಟ್ ಪಕ್ಕದಲ್ಲೇ ಕೂಪರ್ ಪೇರ್ (ಸೂಪರ್ ಕರೆಂಟ್ ಒಯ್ಯೋ ಎಲೆಕ್ಟ್ರಾನ್ ಜೋಡಿ) ಬದುಕೋದು ಹೇಗೆ? ಒಂದು ಪೇಪರ್ ಎರಡೂ ಒಟ್ಟಿಗೆ ಇವೆ ಅನ್ನತ್ತೆ, ಇನ್ನೊಂದು ಫೇಸ್ ಸೆಪರೇಶನ್ (ಒಂದೇ ಹರಳೊಳಗೆ ಎರಡೂ ಬೇರೆ ಬೇರೆ ಜಾಗದಲ್ಲಿ ಇರೋದು) ಅನ್ನತ್ತೆ. ಕ್ಲಾಸಲ್ಲಿ ಕೇಳಿದ್ರೆ ಎರಡೂ ಬರ್ಕೊಂಡು ಹೇಳ್ಬಿಡಮ್ಮ ಅಂದ್ರು. ನನ್ನ ಡೌಟ್ ಇಷ್ಟೇ: ರೆಸಿಸ್ಟೆನ್ಸ್ ಪಕ್ಕಾ ಝೀರೋ ಆಗ್ತಿದೆ, ಮ್ಯಾಗ್ನೆಟೈಸೇಶನ್ ಅಳೆದ್ರೆ 100% ಶೀಲ್ಡಿಂಗ್ (ಹೊರಗಿನ ಮ್ಯಾಗ್ನೆಟಿಕ್ ಫೀಲ್ಡನ್ನ ಒಳಗೆ ಬಿಡದೇ ಇರೋದು) ಅಂತ ಗ್ರಾಫ್ ಇದೆ, ಅಂದ್ಮೇಲೆ ಇಡೀ ಹರಳೇ ಸೂಪರ್‌ಕಂಡಕ್ಟರ್ ಅಲ್ವಾ? ಫೇಸ್ ಸೆಪರೇಶನ್ ಎಲ್ಲಿಂದ ಬಂತು?

---

ಒಗ್ಗರಣೆ_ಡಬ್ಬಿ:

ಚೀಟಿ ಎತ್ತೋಕ್ ಮುಂಚೆ ಚಾಮುಂಡಿ ಬೆಟ್ಟಕ್ಕೆ ಒಂದ್ಸಲ ಹೋಗ್ಬರ್ಬೇಕಿತ್ತು ಮೇಡಂ 😄 ನಮ್ ಬ್ಯಾಚಲ್ಲಿ ನಂಗೆ ಸೋಲಾರ್ ಕುಕ್ಕರ್ ಬಂದಿತ್ತು.

---

ಟೇಲ್‌ಎಂಡ್_ಮಂಡ್ಯ:

ತಂಗ್ಯವ್ವ, ಪ್ರಶ್ನೆ ಸರಿಯಾಗೇ ಕೇಳಿದೀಯ. ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿ ಈಗ ರಿಟೈರ್ ಆಗಿ ಗದ್ದೆ ನೋಡ್ಕೊಂಡಿವ್ನಿ, ವಿಶ್ವೇಶ್ವರಯ್ಯ ನಾಲೆ ಕೊನೇ ಭಾಗ ನಮ್ದು, ಹಂಗಾಗಿ ನಂಗೆ ಎಲ್ಲಾನೂ ನೀರಿನ್ ಲೆಕ್ಕದಲ್ಲೇ ಹೊಳೆಯೋದು.

ಮೊದ್ಲು ರೆಸಿಸ್ಟೆನ್ಸ್ ಝೀರೋ ಅನ್ನೋದನ್ನ ನೋಡು. ಕೆಆರ್‌ಎಸ್‌ಇಂದ ಬಿಟ್ಟ ನೀರು ನಮ್ ಟೇಲ್ ಎಂಡ್‌ಗೆ ಬಂತು ಅಂದ್ರೆ ಏನರ್ಥ? ಮಧ್ಯ ಇರೋ ಅಚ್ಚುಕಟ್ಟೆಲ್ಲಾ ನೆನೆದದೆ ಅಂತಲಾ? ಅಲ್ಲ. ಎಲ್ಲೋ ಒಂದು ಕಾಲುವೆ ಕಡಿದೋಗ್ದೆ ಇಲ್ಲೀಗಂಟ ಬಂದದೆ ಅಂತ ಅಷ್ಟೇ. ಅಕ್ಕಪಕ್ಕ ಸಾವಿರ ಎಕರೆ ಒಣಗಿ ಬಿರುಕು ಬಿಟ್ಟಿದ್ರೂ ನಮ್ ತೂಬಲ್ಲಿ ನೀರು ಬತ್ತದೆ. ನಿನ್ ಹರಳಲ್ಲೂ ಅಷ್ಟೇಯ, ಎರಡು ವೋಲ್ಟೇಜ್ ತಂತಿ ಮಧ್ಯ ಒಂದು ಕೂದಲೆಳೆಯಷ್ಟು ಸೂಪರ್‌ಕಂಡಕ್ಟರ್ ದಾರಿ ಕೂಡ್ಕೊಂಡಿದ್ರೆ ಸಾಕು, ಮೀಟರು ಝೀರೋ ತೋರಿಸ್ತದೆ. ಇದನ್ನೇ ಪರ್ಕೊಲೇಶನ್ ಅನ್ನೋದು.

ಇನ್ನ ಶೀಲ್ಡಿಂಗು. ಇಲ್ಲಿ ಎಲ್ರೂ ಎಡವ್ತಾರೆ, ನಾನೂ ಎಡವಿದ್ದೆ. ನಾಲ್ಕೂ ಕಡೆ ಎತ್ತರಕ್ಕೆ ಬದು ಹಾಕಿರೋ ಒಂದು ಮಡಿ ಇದೆ ಅನ್ಕೊ. ಬದು ಅಗಲ ಒಂದಡಿ, ಒಳಗೆಲ್ಲಾ ಮಾಮೂಲಿ ಮಣ್ಣು. ಹೊರಗೆ ನೀರು ಏರ್ತು, ಒಳಕ್ಕೆ ಒಂದು ತೊಟ್ಟೂ ಹೋಗ್ಲಿಲ್ಲ. ದೂರದಲ್ಲಿ ನಿಂತು ನೀರು ಹೋಗದಿರೋ ಜಾಗ ಎಷ್ಟು ಅಂತ ಅಳೆದವನು ಇಡೀ ಮಡಿನೇ ಬದು ಅಂತ ಬರ್ಕೊತಾನೆ. ಝೀರೋ ಫೀಲ್ಡ್ ಕೂಲಿಂಗಲ್ಲಿ (ಫೀಲ್ಡ್ ಇಲ್ದೆ ತಣ್ಣಗೆ ಮಾಡಿ ಆಮೇಲೆ ಫೀಲ್ಡ್ ಹಾಕೋದು) ಆಗೋದು ಇದೇಯ. ಸೂಪರ್‌ಕಂಡಕ್ಟರ್ ಅನ್ನೋದು ತೆಳ್ಳಗೆ ಬಲೆ ಥರ ಸುತ್ಕೊಂಡಿರ್ತದೆ, ಹೊರಗಿನ ಫೀಲ್ಡನ್ನ ಒಳಕ್ಕೆ ಬಿಡಲ್ಲ, ಬಲೆ ಒಳಗಿರೋ ಸಾದಾ ಭಾಗಾನೂ ಲೆಕ್ಕಕ್ಕೆ ಸೇರ್ಕೊಂಡು 100% ಅಂತ ಬತ್ತದೆ. ಅದೇ ಫೀಲ್ಡ್ ಹಾಕಿಟ್ಟು ಆಮೇಲೆ ತಣ್ಣಗೆ ಮಾಡಿದ ಗ್ರಾಫ್ ನೋಡಿದ್ಯಾ? ತೀರಾ ಸಣ್ಣದಿರ್ತದೆ. ಯಾಕಂದ್ರೆ ಗದ್ದೇಲಿ ನೀರು ನಿಂತ ಮೇಲೆ ಬದು ಕಟ್ಟಿದ್ರೆ ಒಳಗಿನ ನೀರು ಒಳಗೇ ಉಳೀತದೆ, ಆಚೆ ತಳ್ಳಾಕೆ ಆಗಲ್ಲ. ಒಳ್ಳೇ ಸೂಪರ್‌ಕಂಡಕ್ಟರ್‌ಗಳಲ್ಲೂ ವೋರ್ಟೆಕ್ಸ್ (ಒಳಗೆ ಉಳಿದ ಫೀಲ್ಡಿನ ಸುಳಿ) ಸಿಕ್ಕಾಕ್ಕೊಂಡು ಇದು ಕಮ್ಮಿ ಆಗ್ತದೆ, ಹಂಗಾಗಿ ಇದೊಂದ್ರಿಂದ್ಲೇ ತೀರ್ಮಾನ ಬೇಡ. ಸ್ಪೆಸಿಫಿಕ್ ಹೀಟ್ (ಒಂದು ಡಿಗ್ರಿ ಬಿಸಿ ಮಾಡಾಕೆ ಬೇಕಾದ ಶಾಖ) ನೋಡು. ಅದಕ್ಕೆ ಬದು ಗಿದು ಗೊತ್ತಾಗಲ್ಲ, ಎಷ್ಟು ಪದಾರ್ಥ ನಿಜವಾಗಿ ಬದಲಾಯ್ತೋ ಟಿಸಿ ಹತ್ರ ಅಷ್ಟೇ ಜಂಪು. ಈ ಸೆಲೆನೈಡಲ್ಲಿ ಆ ಜಂಪು ಬಲು ಚಿಕ್ಕದು.

ಇನ್ನೊಂದು ಬಡವರ ಪರೀಕ್ಷೆ ಅದೆ. ಹರಳನ್ನ ನುಣ್ಣಗೆ ಪುಡಿ ಮಾಡಿ ಮತ್ತೆ ಅಳಿ. ಬದು ಒಡೆದೋದ್ರೆ ಬಣ್ಣ ಬಯಲಾಗ್ತದೆ.

---

ಗಂಗೋತ್ರಿ_ಬಸ್‌ಸ್ಟಾಪ್:

ಸಾರ್ ಬದುವಿನ ಉದಾಹರಣೆ ಸೂಪರ್, ಇದನ್ನ ಹಂಗೇ ಸೆಮಿನಾರಲ್ಲಿ ಹೇಳ್ತೀನಿ (ನಿಮ್ ಹೆಸರಲ್ಲೇ). ಆದ್ರೆ ಮಿಕ್ಕಿದ ಭಾಗ ಏನದು? ಆ 559 ಕೆಲ್ವಿನ್ ಯಾರದ್ದು?

---

ಟೇಲ್‌ಎಂಡ್_ಮಂಡ್ಯ:

ಅದು 245 ಅಂತಾರೆ. ಎರಡು ಪೊಟ್ಯಾಸಿಯಂ, ನಾಲ್ಕು ಕಬ್ಬಿಣ, ಐದು ಸೆಲೆನಿಯಂ. ಒಂದು ಚೌಕಳಿ ಹಾಳೆ ತಗೊ, ಗೆರೆ ಕೂಡೋ ಜಾಗದಲ್ಲೆಲ್ಲಾ ಕಬ್ಬಿಣ ಅಂತ ಚುಕ್ಕಿ ಇಡು, ನಮ್ಮನೇ ಹೆಣ್ಮಕ್ಕಳು ರಂಗೋಲಿಗೆ ಇಟ್ಟಂಗೆ. ಈಗ ಒಂದು ಚುಕ್ಕಿ ಅಳಿಸು. ಅಲ್ಲಿಂದ ಚೆಸ್ಸಲ್ಲಿ ಕುದುರೆ ಹೋಗ್ತದಲ್ಲ, ಎರಡು ಮನೆ ನೇರ ಒಂದು ಮನೆ ಎಡಕ್ಕೆ, ಹಂಗೆ ಹೋಗಿ ಅಲ್ಲೊಂದು ಅಳಿಸು. ನಾಲ್ಕು ದಿಕ್ಕಿಗೂ ಹಂಗೇ ಹೋಗು, ತಿರುಗೋದು ಮಾತ್ರ ಯಾವಾಗ್ಲೂ ಎಡಕ್ಕೇ. ಐದಕ್ಕೊಂದು ಖಾಲಿ ಆಯ್ತು. ಮಿಕ್ಕಿದ್ದು ತಂತಾನೇ ನಾಲ್ಕು ನಾಲ್ಕು ಚುಕ್ಕಿಯ ಪುಟ್ಟ ಚೌಕಗಳಾಗಿ ಕಾಣ್ತವೆ. ಒಂದು ಚೌಕದ ನಾಲ್ಕೂ ಸ್ಪಿನ್ನು (ಕಬ್ಬಿಣದ ಪುಟ್ಟ ಮ್ಯಾಗ್ನೆಟ್ಟಿನ ದಿಕ್ಕು) ಮೇಲೆ, ಪಕ್ಕದ ಚೌಕದ ನಾಲ್ಕೂ ಕೆಳಗೆ. ಬ್ಲಾಕ್ ಆಂಟಿಫೆರೋಮ್ಯಾಗ್ನೆಟ್ ಅನ್ನೋದು ಇದನ್ನೇ. ಖಾಲಿ ಜಾಗಗಳು 578 ಕೆಲ್ವಿನ್ ಹತ್ರ ಸಾಲಾಗಿ ಕೂರ್ತವೆ, ಆಮೇಲೆ 559ಕ್ಕೆ ಸ್ಪಿನ್ನು ಸಾಲಾಗ್ತವೆ. ಮುಖ್ಯ ಏನಪ್ಪ ಅಂದ್ರೆ ಈ 245 ಇನ್ಸುಲೇಟರು. ಕರೆಂಟೇ ಹರಿಯಲ್ಲ. ಕರೆಂಟ್ ಹರೀದಿರೋ ಕಡೆ ಸೂಪರ್ ಕರೆಂಟ್ ಎಲ್ಲಿಂದ ಬಂದಾತು?

---

ಮ್ಯೂಆನ್_ಮಾಮ:

ಮೇಷ್ಟ್ರ ಮಾತಿಗೆ ಒಂದೆರಡು ಸೇರಿಸ್ತೀನಿ. ನಾನು ಸರಸ್ವತಿಪುರಂ ಹುಡುಗ, ಈಗ ಹುಡುಗ ಅನ್ನೋ ವಯಸ್ಸಲ್ಲ ಬಿಡಿ, ಸ್ವಿಟ್ಜರ್ಲೆಂಡಿನ ಫಿಲಿಗೆನ್‌ನಲ್ಲಿರೋ ಮ್ಯೂಆನ್ (ಎಲೆಕ್ಟ್ರಾನ್ ಥರದ್ದೇ, ಆದ್ರೆ ಭಾರದ, ಬೇಗ ಸಾಯೋ ಕಣ) ಸೋರ್ಸ್‌ಗೆ ಬೀಮ್‌ಟೈಮ್ (ಪ್ರಯೋಗಕ್ಕೆ ಕೊಡೋ ಸರದಿ) ಅಂತ ಹೋಗ್ಬರ್ತಿದ್ದೆ.

ನ್ಯೂಟ್ರಾನ್ ಡಿಫ್ರಾಕ್ಷನ್ ಅನ್ನೋದು ಜಂಬೂಸವಾರಿನ ಅರಮನೆ ಮಾಳಿಗೆ ಮೇಲಿಂದ ನೋಡ್ದಂಗೆ. ಸಾಲು ಸಾಲಾಗಿ ಹೋಗ್ತಿರೋದು ಚೆನ್ನಾಗಿ ಕಾಣತ್ತೆ. ಆದ್ರೆ ಗುಂಪಲ್ಲಿ ನೂರಕ್ಕೆ ಹತ್ತು ಜನ ಸಾಲಲ್ಲಿ ಇಲ್ಲ ಅಂದ್ರೆ ಅದು ಅಲ್ಲಿಂದ ಗೊತ್ತಾಗಲ್ಲ, ಸಾಲಿನ ಪೀಕ್ ಒಂಚೂರು ಕಮ್ಮಿ ಆಗತ್ತೆ ಅಷ್ಟೇ, ಅದನ್ನ ಮೊಮೆಂಟೇ ಸ್ವಲ್ಪ ಚಿಕ್ಕದು ಅಂತ ಓದ್ಕೊಂಡ್ಬಿಡಬಹುದು. ಮ್ಯೂಆನ್ ಹಾಗಲ್ಲ, ಗುಂಪಿನ ಒಳಗೇ ಹೋಗಿ ಒಬ್ಬೊಬ್ಬರ ಪಕ್ಕ ನಿಲ್ಲತ್ತೆ. ಸ್ಪಿನ್ ಒಂದೇ ಕಡೆ ತಿರುಗಿರೋ ಮ್ಯೂಆನ್‌ಗಳು ಹರಳಿನೊಳಗೆ ನಿಂತು, ಅಲ್ಲಲ್ಲೇ ಇರೋ ಫೀಲ್ಡಿಗೆ ಸುತ್ತಿ, ಸರಾಸರಿ 2.2 ಮೈಕ್ರೋಸೆಕೆಂಡಲ್ಲಿ ಸತ್ತು ಪಾಸಿಟ್ರಾನ್ ಬಿಡತ್ತೆ, ಅದು ಜಾಸ್ತಿ ಸ್ಪಿನ್ ಇದ್ದ ದಿಕ್ಕಿಗೇ ಹೋಗತ್ತೆ. ಸಿಗ್ನಲ್ಲಿನ ಎಷ್ಟು ಪಾಲು ಯಾವ ಥರ ನಡ್ಕೊಂತು ಅನ್ನೋದೇ ನೇರವಾಗಿ ವಾಲ್ಯೂಮ್ ಲೆಕ್ಕ. ಈ ಸೆಲೆನೈಡಲ್ಲಿ ಒಳಗಿನ ಫೀಲ್ಡ್ ಎಷ್ಟು ಜೋರು ಅಂದ್ರೆ ಮ್ಯಾಗ್ನೆಟಿಕ್ ಭಾಗದಲ್ಲಿ ನಿಂತ ಮ್ಯೂಆನ್‌ಗಳ ಸಿಗ್ನಲ್ ನೋಡೋಷ್ಟರಲ್ಲಿ ಮಾಯ. ಸಣ್ಣ ಫೀಲ್ಡ್ ಹಾಕಿ ಇನ್ನೂ ನೆಟ್ಟಗೆ ಸುತ್ತುತಾ ಇರೋವು ಎಷ್ಟು ಅಂತ ಎಣಿಸಿದ್ರೆ ಸುಮಾರು ಹತ್ತು ಪರ್ಸೆಂಟ್. ಟಿಸಿ ಕೆಳಗೆ ಸೂಪರ್‌ಕಂಡಕ್ಟರ್ ಥರ ಬದಲಾಗೋದೂ ಆ ಹತ್ತೇ.

ತಮಾಷೆ ಏನಂದ್ರೆ 2011ರಲ್ಲಿ ಪೊಟ್ಯಾಸಿಯಂ ಬದ್ಲು ಸೀಸಿಯಂ ಇರೋ ಐರನ್ ಸೆಲೆನೈಡ್ ಮೇಲೆ ಮೊದಲು ಮ್ಯೂಆನ್ ಹಾಕಿದವರೂ ಎರಡೂ ಒಟ್ಟಿಗಿವೆ ಅಂತಾನೇ ಶೀರ್ಷಿಕೆ ಕೊಟ್ಟಿದ್ರು. ನಿಮಗೆ ಸಿಕ್ಕ ಎರಡು ಥರದ ಪೇಪರ್‌ಗಳ ಜಗಳ ಅಲ್ಲಿಂದಾನೇ. ಆಮೇಲೆ ರುಬಿಡಿಯಂ ಇರೋದನ್ನ ಮಾಸ್‌ಬವರ್ ಅನ್ನೋ ಗಾಮಾ ಕಿರಣದ ವಿಧಾನದಲ್ಲಿ ನೋಡಿದ್ರು. ಇದು ನಂಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಕಬ್ಬಿಣಾನೇ ಸಾಕ್ಷಿ ಹೇಳತ್ತೆ. ಮಾಮೂಲಿ ಕಬ್ಬಿಣದಲ್ಲಿ ನೂರಕ್ಕೆ ಎರಡು ಚಿಲ್ಲರೆ ಕಬ್ಬಿಣ-57 (ಕಬ್ಬಿಣದ್ದೇ ಒಂದು ಐಸೋಟೋಪ್) ಇರತ್ತೆ, ಕೋಬಾಲ್ಟ್ ಸೋರ್ಸಿಂದ ಬರೋ 14.4 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣವನ್ನ ಅದು ಹೀರ್ಕೊಳ್ಳತ್ತೆ. ಪಕ್ಕದಲ್ಲಿ ಮ್ಯಾಗ್ನೆಟಿಸಂ ಇದ್ರೆ ಗೆರೆ ಆರಾಗಿ ಒಡೆಯತ್ತೆ, ಇಲ್ದಿದ್ರೆ ಮಧ್ಯದಲ್ಲೇ ಸುಮ್ನೆ ಕೂತಿರತ್ತೆ. ಲೆಕ್ಕ ಬಂದಿದ್ದು 88ಕ್ಕೆ 12. ಆ 12 ಪರ್ಸೆಂಟ್ ಕಬ್ಬಿಣಕ್ಕೆ ಮ್ಯಾಗ್ನೆಟಿಸಂ ಗಾಳಿನೂ ಸೋಕಿಲ್ಲ.

ಅಂದಹಾಗೆ ಈ ಹರಳು ಕೈಗೆ ಸಿಕ್ಕಿದ್ರೆ ಹುಷಾರು. ಕಾಗೆ ಬಂಗಾರದ ಥರ ಹೊಳೀತಾ ಪದರ ಪದರ ಏಳತ್ತೆ, ಟೇಪ್ ಅಂಟಿಸಿ ಎಳೆದ್ರೆ ಹೊಸ ಮುಖ ಕನ್ನಡಿ ಥರ ಬರತ್ತೆ. ಆದ್ರೆ ಗಾಳಿ ಆಗಲ್ಲ. ಒಂದ್ಸಲ ರಾತ್ರಿ ಮೂರು ಗಂಟೆಗೆ ಹೋಲ್ಡರ್‌ಗೆ ಹಾಕುವಾಗ ಗ್ಲವ್ ಬಾಕ್ಸಿಂದ (ಗಾಳಿ ಸೋಕದ ಪೆಟ್ಟಿಗೆ) ತಂದ ಡಬ್ಬಿ ಮುಚ್ಚಳ ಸರಿಯಾಗಿ ಕೂತಿರ್ಲಿಲ್ಲ, ನಾನು ಕಾಫಿ ಕುಡಿದು ಬರೋಷ್ಟರಲ್ಲಿ ಕನ್ನಡಿ ಹೋಗಿ ಹಳೇ ಕಾವಲಿ ಆಗಿತ್ತು. ಎರಡು ದಿನದ ಬೀಮ್‌ಟೈಮ್ ಕಾವೇರಿಗೆ ಬಿಟ್ಟಂಗಾಯ್ತು.

---

ರವೆ_ತುಪ್ಪ:

ನಾನು ಹರಳು ಬೆಳೆಸೋ ಕೆಲಸ ಮಾಡಿದವಳು, ಆರು ವರ್ಷ ಫರ್ನೇಸ್ ಮುಂದೇನೇ ಕಳೆದೆ. ಇಷ್ಟ್ ಹೊತ್ತೂ ಯಾರೂ ಹೇಳದೇ ಇರೋ ಒಂದು ವಿಷಯ ಇದೆ, ಈ ಬೇರೆಯಾಗೋದು ಹರಳು ಬೆಳೆದಾಗ ಆಗೋದಲ್ಲ, ತಣ್ಣಗಾಗೋವಾಗ ಆಗೋದು.

ಮನೇಲಿ ಬೆಣ್ಣೆ ಕಾಯಿಸಿದ್ದೀರಾ? ಬಿಸಿ ತುಪ್ಪ ಒಂದೇ ಸಮ, ಗಾಜಿನ ಥರ. ಅದನ್ನ ಒಲೆ ಪಕ್ಕ ಹಂಗೇ ಬಿಟ್ಟು ನಿಧಾನಕ್ಕೆ ಆರಕ್ಕೆ ಬಿಟ್ರೆ ದಪ್ಪ ದಪ್ಪ ರವೆ ಕಟ್ಟತ್ತೆ, ಮೇಲೆ ಎಣ್ಣೆ ಥರ ತೆಳು ತುಪ್ಪ ನಿಲ್ಲತ್ತೆ. ಅದೇ ತುಪ್ಪಾನ ತಕ್ಷಣ ಫ್ರಿಜ್ಜಲ್ಲಿ ಇಟ್ರೆ ರವೆ ಗಿವೆ ಇಲ್ಲ, ನುಣ್ಣಗೆ ಮೇಣದ ಥರ ಗಟ್ಟಿ ಆಗತ್ತೆ. ತುಪ್ಪ ಅದೇ, ಡಬ್ಬಿನೂ ಅದೇ. (ನಮ್ಮತ್ತೆಗೆ ರವೆ ಇದ್ರೇನೇ ತುಪ್ಪ. ಅದು ಬೇರೆ ವಿಷಯ.)

ಈ ಸೆಲೆನೈಡೂ ಮೇಲಿನ ಟೆಂಪರೇಚರಲ್ಲಿ ಒಂದೇ ಸಮ, ಖಾಲಿ ಜಾಗಗಳು ಎಲ್ಲೆಂದ್ರಲ್ಲಿ. 500ರಿಂದ 550 ಕೆಲ್ವಿನ್ ಮಧ್ಯ ಎಲ್ಲೋ ಬರ್ತಿದ್ದಂಗೆ ಎರಡಾಗಿ ಒಡೆಯಕ್ಕೆ ಶುರು, ಒಂದ್ಕಡೆ ಖಾಲಿ ಜಾಗ ಸಾಲಾಗಿ ಕೂತ 245, ಇನ್ನೊಂದ್ಕಡೆ ಕಬ್ಬಿಣದ ಖಾಲಿ ಜಾಗ ಕಮ್ಮಿ ಇರೋ ಮೆಟಲ್ ಭಾಗ. ಫರ್ನೇಸ್ ಆಫ್ ಮಾಡಿ ನಿಧಾನಕ್ಕೆ ಆರಕ್ಕೆ ಬಿಟ್ರೆ ಮೆಟಲ್ ಭಾಗ ದಪ್ಪ ದಪ್ಪ ಗಡ್ಡೆಗಳಾಗಿ ದೂರ ದೂರ ನಿಲ್ಲತ್ತೆ, ಒಂದಕ್ಕೊಂದು ಕೂಡಲ್ಲ. ಮೇಷ್ಟ್ರ ಭಾಷೇಲಿ ಕಾಲುವೆ ಕಡಿದೋಗತ್ತೆ. ರೆಸಿಸ್ಟೆನ್ಸ್ ಇಳಿಯೋದು ಎಳೆದಾಡತ್ತೆ, ಶೀಲ್ಡಿಂಗ್ ಮಂಕು. ಅದೇ ಹರಳನ್ನ ಮತ್ತೆ ಕಾಯಿಸಿ ಆ ಟೆಂಪರೇಚರಿಂದ ಮೇಲೆ ತಗೊಂಡು ಹೋಗಿ ಟಕ್ ಅಂತ ಕ್ವೆಂಚ್ ಮಾಡಿದ್ರೆ ಬೇರೆಯಾಗಕ್ಕೆ ಟೈಮೇ ಸಿಗಲ್ಲ, ಸಣ್ಣ ಎಳೆಗಳ ಬಲೆ ಆಗಿ ನಿಂತ್ಬಿಡತ್ತೆ, ಟ್ರಾನ್ಸಿಷನ್ ಚೂಪಾಗಿ ಬರತ್ತೆ. ನಾವು ಕ್ವಾರ್ಟ್ಜ್ ಟ್ಯೂಬನ್ನ ಇಕ್ಕಳದಲ್ಲಿ ಹಿಡಿದು ನೇರ ಐಸ್ ನೀರಿಗೆ ಹಾಕ್ತಿದ್ವಿ, ಚುಂಯ್ ಅನ್ನೋ ಶಬ್ದ ಈಗ್ಲೂ ಕಿವೀಲಿದೆ, ಹತ್ತರಲ್ಲಿ ಒಂದು ಟ್ಯೂಬ್ ಬಿರುಕು ಬಿಟ್ಟು ಒಂದು ವಾರದ ಕೆಲಸ ನೀರುಪಾಲು.

ಅದಕ್ಕೇ ಹೇಳೋದು, ಪೇಪರ್ ಓದುವಾಗ ಗ್ರಾಫಿಗಿಂತ ಮುಂಚೆ ಹರಳನ್ನ ಹೇಗೆ ತಣ್ಣಗೆ ಮಾಡಿದ್ರು ಅನ್ನೋ ಆ ಒಂದೂವರೆ ಸಾಲು ಓದಿ. ಎರಡು ಲ್ಯಾಬ್ ರಿಸಲ್ಟ್ ಬೇರೆ ಬೇರೆ ಬಂದಿದ್ರೆ ಅರ್ಧಕ್ಕರ್ಧ ಜಗಳ ಅಲ್ಲೇ ತೀರತ್ತೆ.

---

ಅಡ್ಡಮಾತು:

ಎಲ್ಲಾ ಸರಿ, ಆದ್ರೆ ಈ ಥ್ರೆಡ್ ಓದಿದವರು ಕಬ್ಬಿಣದ ಸೂಪರ್‌ಕಂಡಕ್ಟರ್ ಅಂದ್ರೆ ಎಲ್ಲಾ ಫೇಸ್ ಸೆಪರೇಶನ್ನೇ ಅಂದ್ಕೊಂಡು ಎದ್ದು ಹೋಗ್ತಾರೆ, ಅದು ತಪ್ಪು. ಬೇರಿಯಂ ಕಾಂಪೌಂಡಲ್ಲಿ ಕಬ್ಬಿಣದ ಜಾಗಕ್ಕೆ ಸ್ವಲ್ಪ ಕೋಬಾಲ್ಟ್ ಹಾಕಿದ್ದು ತಗೊಳ್ಳಿ. ಅಲ್ಲಿ ಎನ್‌ಎಂಆರ್ (ಪರಮಾಣುವಿನ ನ್ಯೂಕ್ಲಿಯಸ್ಸಿಂದ ಅಲ್ಲಲ್ಲಿನ ಫೀಲ್ಡ್ ಅಳೆಯೋದು) ಮಾಡಿದ್ರೆ ಮ್ಯಾಗ್ನೆಟಿಸಂ ಇಲ್ಲದ ಮೂಲೆನೇ ಸಿಗಲ್ಲ, ಎಲ್ಲಾ ಕಡೆ ಇದೆ, ಆದ್ರೂ ಸೂಪರ್‌ಕಂಡಕ್ಟರ್ ಆಗತ್ತೆ. ನ್ಯೂಟ್ರಾನಲ್ಲಿ ಟಿಸಿ ಕೆಳಗೆ ಹೋಗ್ತಿದ್ದಂಗೆ ಮ್ಯಾಗ್ನೆಟಿಕ್ ಪೀಕ್ ಇಳಿಯತ್ತೆ. ಅಂದ್ರೆ ಅದೇ ಎಲೆಕ್ಟ್ರಾನ್‌ಗಳಿಗಾಗಿ ಇಬ್ರೂ ಕಿತ್ತಾಡ್ತಿದಾರೆ, ಒಂದೇ ಮನೇಲಿ ಇದ್ಕೊಂಡು ಒಂದೇ ಬಚ್ಚಲಿಗೆ ಜಗಳ ಆಡೋ ಅಣ್ಣತಮ್ಮಂದಿರ ಥರ. ಬೇರೆ ಬೇರೆ ಮನೇಲಿದ್ರೆ ಇವನು ಬಂದ ಅಂತ ಅವನು ಯಾಕೆ ಜಾಗ ಬಿಡ್ತಾನೆ?

ಪೊಟ್ಯಾಸಿಯಂ ಹಾಕಿದ ಬೇರಿಯಂದೂ ಗಮ್ಮತ್ತಿದೆ. 2009ರಲ್ಲಿ ಅದ್ರಲ್ಲೂ ಫೇಸ್ ಸೆಪರೇಶನ್ ಅಂದ್ರು, ಸುಮಾರು 65 ನ್ಯಾನೋಮೀಟರ್ ಅಳತೆಯ ತೇಪೆಗಳು ಅಂತ. ಆಮೇಲೆ ಇನ್ನೂ ಒಳ್ಳೇ ಸ್ಯಾಂಪಲ್ ಬಂದಾಗ ಇಲ್ಲ, ಒಟ್ಟಿಗೇ ಇವೆ ಅಂತ ಬಂತು. ಹಂಗಾಗಿ ತೇಪೆ ಕಂಡ ತಕ್ಷಣ ಪ್ರಕೃತಿ ನಿಯಮ ಅನ್ನೋ ಹಂಗಿಲ್ಲ, ಕೆಲವು ಸಲ ಅದು ಮಾಡಿದವರ ಕೈಗುಣ.

---

ಟೇಲ್‌ಎಂಡ್_ಮಂಡ್ಯ:

ಅಡ್ಡಮಾತು ಅವರು ಹೇಳಿದ್ದು ದಿಟ. ಆದ್ರೆ ವಸಿ ಮೊಮೆಂಟ್ ನೋಡಿ ಸ್ವಾಮಿ. ಬೇರಿಯಂದು ಶುದ್ಧವಾಗಿದ್ದಾಗ್ಲೇ 0.87 ಬೋರ್ ಮ್ಯಾಗ್ನೆಟಾನ್, ಕೋಬಾಲ್ಟ್ ಬಿದ್ರೆ ಇನ್ನೂ ಇಳೀತದೆ. ಅಂಥ ಬಡಕಲು ಮ್ಯಾಗ್ನೆಟಿಸಂ ಜೊತೆ ಸಂಸಾರ ಮಾಡಬಹುದು. 3.3ರ ಜೊತೆ ಒಂದೇ ಸೂರಡಿ ಅಂದ್ರೆ ನಾನು ಒಪ್ಪಾಕಿಲ್ಲ.

---

ಅಡ್ಡಮಾತು:

ಒಪ್ದೆ ಸಾರ್. ನನ್ನ ತಕರಾರು ಸೆಲೆನೈಡ್ ಮೇಲಲ್ಲ, ಅದನ್ನ ಹಿಡ್ಕೊಂಡು ಇಡೀ ಕುಲಕ್ಕೆ ಹೆಸರಿಡೋದ್ರ ಮೇಲೆ. ಸೆಲೆನೈಡಲ್ಲಿ ಟಿಸಿ ದಾಟಿದ್ರೂ ಆ ದೊಡ್ಡ ಪೀಕ್ ಹೆಚ್ಚುಕಮ್ಮಿ ತನ್ನ ಪಾಡಿಗೆ ತಾನು ಇರತ್ತೆ. ಸೆಮಿನಾರಲ್ಲಿ ಈ ಎರಡೂ ಗ್ರಾಫನ್ನ ಅಕ್ಕಪಕ್ಕ ಹಾಕಿ ಮೇಡಂ, ಅರ್ಧ ಕೆಲಸ ಅದೇ ಮಾಡತ್ತೆ.

---

ಗಂಗೋತ್ರಿ_ಬಸ್‌ಸ್ಟಾಪ್:

ಅಬ್ಬಾ ಈಗ ದಾರಿ ಕಾಣ್ತಿದೆ. ನಾನು 559ನ್ನೂ 32ನ್ನೂ ಒಂದೇ ಎಲೆಕ್ಟ್ರಾನ್‌ಗಳ ಕಥೆ ಅಂದ್ಕೊಂಡು ಕೂತಿದ್ದೆ, ಅದಕ್ಕೇ ತಲೆ ಕೆಟ್ಟಿತ್ತು. ಕುಕ್ಕರಹಳ್ಳಿ ಕೆರೆ ದಂಡೆ ಮೇಲೆ ಕೂತು ಚೌಕಳಿ ಹಾಳೇಲಿ ಕುದುರೆ ನಡೆ ಹಾಕಿ ನೋಡ್ದೆ, ನಾಲ್ಕು ನಾಲ್ಕು ಚೌಕ ನಿಜವಾಗ್ಲೂ ಬರತ್ತೆ! ಮೊದಲ್ನೇ ಸಲ ಒಂದ್ಕಡೆ ಬಲಕ್ಕೆ ತಿರುಗಿ ಎಲ್ಲಾ ಗಜಿಬಿಜಿ ಆಯ್ತು, ಎರಡ್ನೇ ಸಲ ಸರಿ ಹೋಯ್ತು. ಒಂದೇ ಕೊನೇ ಪ್ರಶ್ನೆ, ಯಾರಾದ್ರೂ ಆ ಎರಡು ಭಾಗಾನ ಬೇರೆ ಬೇರೆಯಾಗಿ ಕಣ್ಣಲ್ಲಿ ನೋಡಿದಾರಾ?

---

ಮ್ಯೂಆನ್_ಮಾಮ:

ನೋಡಿದಾರೆ. ಬೀಜಿಂಗ್‌ನಲ್ಲಿ ಶ್ವೇ ಚಿಕುನ್ ಗುಂಪಿನವರು ತೆಳು ಫಿಲ್ಮ್ ಬೆಳೆಸಿ ಎಸ್‌ಟಿಎಂ (ಒಂದೊಂದು ಪರಮಾಣುನೂ ತೋರಿಸೋ ಮೈಕ್ರೋಸ್ಕೋಪ್) ಸೂಜೀಲಿ ನೋಡಿದ್ರು, 2012ರಲ್ಲಿ ಬಂತು. ಖಾಲಿ ಜಾಗ ಸಾಲಾಗಿ ಇರೋ ಕಡೆ ಇನ್ಸುಲೇಟರ್ ಗ್ಯಾಪ್ (ಎಲೆಕ್ಟ್ರಾನ್‌ಗೆ ಜಾಗ ಇಲ್ಲದ ಎನರ್ಜಿ ಅಂತರ), ಖಾಲಿ ಜಾಗ ಇಲ್ಲದ ಪೂರ್ತಿ ಕಬ್ಬಿಣದ ಕಡೆ ಸೂಪರ್‌ಕಂಡಕ್ಟಿಂಗ್ ಗ್ಯಾಪ್. ಅದನ್ನ ಕೊನೇ ಸ್ಲೈಡ್ ಮಾಡ್ಕೊಳ್ಳಿ.

---

ಗಂಗೋತ್ರಿ_ಬಸ್‌ಸ್ಟಾಪ್:

ಗುರುವಾರ ರಾತ್ರಿ ಬರೀತಿದೀನಿ. ಸೆಮಿನಾರ್ ಮುಗೀತು. ಹಾಸ್ಟೆಲ್ ಮೆಸ್ಸಿಂದ ಎರಡು ಸಣ್ಣ ಬಾಟಲಿ ತುಪ್ಪ ತಗೊಂಡು ಹೋಗಿದ್ದೆ, ಒಂದು ನಿಧಾನ ಆರಿದ್ದು, ಇನ್ನೊಂದು ಐಸಲ್ಲಿಟ್ಟಿದ್ದು. ಮುಂದಿನ ಬೆಂಚಿಂದ ಮೊದಲ್ನೇ ಪ್ರಶ್ನೆನೇ 100% ಶೀಲ್ಡಿಂಗ್ ಇದ್ದಮೇಲೆ ಬಲ್ಕ್ (ಇಡೀ ಹರಳೇ ಸೂಪರ್‌ಕಂಡಕ್ಟರ್) ಅಲ್ವೇನಮ್ಮ ಅಂತ. ಬೋರ್ಡ್ ಮೇಲೆ ಮಡಿ ಬರ್ದು ಬದು ಹಾಕ್ದೆ. ಹಿಂದೆ ಕೂತಿದ್ದ ಪಾಂಡವಪುರದ ಹುಡುಗ್ರು ಜೋರಾಗಿ ನಕ್ರು, ಆದ್ರೆ ಅರ್ಥ ಆಯ್ತು ಎಲ್ರಿಗೂ. ಬಾಟಲಿಗಳು ಮಾತ್ರ ವಾಪಸ್ ಬರ್ಲಿಲ್ಲ, ಮಧ್ಯಾಹ್ನ ಊಟಕ್ಕೆ ಯಾರೋ ಎರಡೂ ಖಾಲಿ ಮಾಡಿದಾರೆ.

---

ರವೆ_ತುಪ್ಪ:

ರವೆದು ಮೊದ್ಲು ಖಾಲಿ ಆಗಿರತ್ತೆ ನೋಡಿ.

---

ಟೇಲ್‌ಎಂಡ್_ಮಂಡ್ಯ:

ಶಭಾಷ್ ಕಣವ್ವ. ಇನ್ನೊಂದಿಷ್ಟು ಬರೀಬೇಕು ಅನ್ಕೊಂಡಿದ್ದೆ, ಆದ್ರೆ ಈ ರಾತ್ರಿ ನಮ್ ಕಡೆ ಕಟ್ಟು ನೀರು ಬಿಟ್ಟವ್ರೆ, ಮೇಲಿನೋರು ತಿರುಗಿಸ್ಕೊಳ್ಳೋ ಮುಂಚೆ ತೂಬಿನ ಹತ್ರ ಹೋಗ್ಬೇಕು. ಟಾರ್ಚ್ ಹುಡುಕ್ತಾ ಇವ್ನಿ.